ಮಾರ್ಮನ್ ಕುಟುಂಬ ಪತ್ರಗಳು (19ನೆಯ ಶತಮಾನ)

ಅಮೆರಿಕದ ಮಾರ್ಮನ್ ಪಂಥದ ಕುಟುಂಬಗಳಲ್ಲಿ 1830ರಿಂದ 1890ರವರೆಗಿನ ಅವಧಿಯಲ್ಲಿ, ದೂರ ದೂರ ಉಳಿಯಬೇಕಾಗಿ ಬಂದ ಗಂಡಹೆಂಡಿರು, ತಂದೆತಾಯಿ ಮಕ್ಕಳು, ಒಡಹುಟ್ಟಿದವರು ಒಬ್ಬರಿಗೊಬ್ಬರು ಬರೆದುಕೊಂಡ ಖಾಸಗಿ ಕಾಗದಗಳು. ಈ ಪಂಥದ ಅಧಿಕೃತ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದ ಫಾಯೆಟ್‌ನಲ್ಲಿ ಜೋಸೆಫ್ ಸ್ಮಿತ್ ಇದನ್ನು ಸ್ಥಾಪಿಸಿದ. ಪಂಥದ ಧರ್ಮಗ್ರಂಥಗಳು, ಉಪದೇಶಗಳು, ಸಭಾ ನಡಾವಳಿಗಳು ಅದರ ಹೊರಮೈಯನ್ನು ತೋರಿಸಿದರೆ, ಆ ನಂಬಿಕೆಗಾಗಿ ಒಂದೊಂದು ಮನೆ ತೆತ್ತ ಬೆಲೆ ಏನೆಂಬುದು ಈ ಕಾಗದಗಳಲ್ಲಿ ಮಾತ್ರ ಸಿಗುತ್ತದೆ.

ಅಗಲಿಕೆ ಆ ಕಾಲದ ಅಮೆರಿಕದಲ್ಲಿ ಅಪರೂಪವೇನಲ್ಲ. ಹಡಗಿನ ಕೆಲಸಕ್ಕೆ, ಹೊಸ ಜಮೀನಿಗೆ, 1849ರ ನಂತರ ಕ್ಯಾಲಿಫೋರ್ನಿಯಾದ ಚಿನ್ನಕ್ಕೆ ಎಂದು ಗಂಡಸರು ವರ್ಷಗಟ್ಟಲೆ ಮನೆ ಬಿಡುತ್ತಿದ್ದರು. ಮಾರ್ಮನ್ನರ ಅಗಲಿಕೆ ಬೇರೆ ಬಗೆಯದು. ಇಲ್ಲಿ ಮನೆ ಬಿಡುವುದು ಧರ್ಮದ ಅಪ್ಪಣೆ. ಚರ್ಚಿನ ಸಮ್ಮೇಳನದಲ್ಲಿ ಹೆಸರು ಕೂಗಿದರೆ ಸಾಕು, ರೈತನೋ ಬಡಗಿಯೋ ಸಂಬಳವಿಲ್ಲದೆ, ಕೈಯಲ್ಲಿ ಹಣವಿಲ್ಲದೆ, ಎರಡು ಮೂರು ವರ್ಷದ ಧರ್ಮಪ್ರಚಾರಕ್ಕೆ ಹೊರಡಬೇಕು. ಹಿಂದುಳಿದ ಹೆಂಡತಿ ಮಕ್ಕಳನ್ನು ನೆರೆಹೊರೆಯವರು ನೋಡಿಕೊಳ್ಳುತ್ತಾರೆ ಎಂಬುದು ನಂಬಿಕೆ. ನೋಡಿಕೊಳ್ಳದಿದ್ದ ಸಂದರ್ಭಗಳೂ ಉಂಟು. ಇದರ ಮೇಲೆ ಹೊರಗಿನವರ ಹಿಂಸೆ, ಸೆರೆವಾಸ, ಪಶ್ಚಿಮದ ಕಡೆಗಿನ ಮಹಾವಲಸೆ, ಬಹುಪತ್ನಿತ್ವದಿಂದ ಹಂಚಿಹೋದ ಮನೆಗಳು, ಕೊನೆಗೆ ಆ ವಿವಾಹಗಳ ವಿರುದ್ಧ ಸರ್ಕಾರ ಹೂಡಿದ ಮೊಕದ್ದಮೆಗಳು ಸೇರಿಕೊಂಡವು. ಹೀಗೆ ಎರಡು ಮೂರು ತಲೆಮಾರುಗಳ ಕಾಲ ಈ ಸಮುದಾಯದಲ್ಲಿ ಸಂಸಾರ ನಡೆದದ್ದೇ ಬಹುಮಟ್ಟಿಗೆ ಟಪಾಲಿನ ಮೂಲಕ.

ಜೋಸೆಫ್ ಮತ್ತು ಎಮ್ಮಾ

ಈ ಪರಂಪರೆಯ ಮೊದಲ ಕಾಗದಗಳು ಸ್ಥಾಪಕನ ಮನೆಯವೇ. 1832ರ ಅಕ್ಟೋಬರ್ 13ರಂದು ಜೋಸೆಫ್ ಸ್ಮಿತ್ ನ್ಯೂಯಾರ್ಕ್ ನಗರದಿಂದ ಹೆಂಡತಿ ಎಮ್ಮಾಳಿಗೆ ಬರೆದ ಪತ್ರದಲ್ಲಿ ಇಪ್ಪತ್ತಾರು ವರ್ಷದ ಹಳ್ಳಿಯ ಯುವಕನೊಬ್ಬ ಮಹಾನಗರದ ಕಟ್ಟಡಗಳನ್ನು ಕಂಡು ಬೆರಗಾಗಿ, ಮರುಕ್ಷಣವೇ ಮನೆಯನ್ನು ನೆನೆದು ಕೊರಗುವುದು ಕಾಣುತ್ತದೆ. ಎಮ್ಮಾ ಆಗ ತುಂಬು ಗರ್ಭಿಣಿ; ಮುಂದಿನ ತಿಂಗಳೇ ಮಗ ಹುಟ್ಟಿದ.

1838ರ ಡಿಸೆಂಬರಿನಿಂದ 1839ರ ಏಪ್ರಿಲ್‌ವರೆಗೆ ಜೋಸೆಫ್ ಮಿಸೂರಿ ರಾಜ್ಯದ ಲಿಬರ್ಟಿ ಸೆರೆಮನೆಯಲ್ಲಿದ್ದ. ಮಾರ್ಮನ್ನರನ್ನು ರಾಜ್ಯದಿಂದಲೇ ಹೊರಗಟ್ಟಲು ಅಲ್ಲಿನ ಗವರ್ನರ್ ಆಜ್ಞೆ ಹೊರಡಿಸಿದ್ದ. 1839ರ ಫೆಬ್ರವರಿಯಲ್ಲಿ ಎಮ್ಮಾ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು, ಹೆಪ್ಪುಗಟ್ಟಿದ ಮಿಸಿಸಿಪ್ಪಿ ನದಿಯನ್ನು ದಾಟಿ ಇಲಿನಾಯ್ ರಾಜ್ಯದ ಕ್ವಿನ್ಸಿ ಸೇರಿದಳು. ಗಂಡನ ಹಸ್ತಪ್ರತಿಗಳನ್ನು ಬಟ್ಟೆಯ ಚೀಲಗಳಲ್ಲಿಟ್ಟು ಲಂಗದ ಒಳಗೆ ಕಟ್ಟಿಕೊಂಡು ತಂದಿದ್ದಳು. ಮಾರ್ಚ್ 7ರಂದು ಅಲ್ಲಿಂದ ಆಕೆ ಬರೆದ ಪತ್ರ ಸೆರೆಮನೆ ತಲುಪಿತು. ಏಪ್ರಿಲ್ 4ರಂದು ಜೋಸೆಫ್ ಬರೆದ ಪತ್ರದಲ್ಲಿ ಮಕ್ಕಳ ಹೆಸರನ್ನು ಒಂದೊಂದಾಗಿ ಹೇಳಿ ನೋಡಬೇಕೆನ್ನುತ್ತಾನೆ, ಮನೆಯ ನಾಯಿಯ ಹೆಸರನ್ನೂ ಆ ಸಾಲಿಗೆ ಸೇರಿಸುತ್ತಾನೆ, ಮಕ್ಕಳು ತನ್ನನ್ನು ಮರೆಯದಂತೆ ನೋಡಿಕೊ ಎಂದು ಬೇಡುತ್ತಾನೆ. ಪ್ರವಾದಿಯೆಂದು ಸಾವಿರಾರು ಜನ ನಂಬಿದ್ದ ಮನುಷ್ಯ ತನ್ನ ಮನೆಯಲ್ಲಿ ತಾನು ಮರೆತುಹೋಗಬಹುದೆಂದು ಹೆದರುವ ಈ ಕಾಗದಕ್ಕಿಂತ ಅವನನ್ನು ಹತ್ತಿರದಿಂದ ತೋರಿಸುವ ದಾಖಲೆ ಸಿಗುವುದು ಕಷ್ಟ. ಎಮ್ಮಾಳಿಗೆ ಆತ ಬರೆದ ಕೊನೆಯ ಪತ್ರದ ತಾರೀಖು 1844ರ ಜೂನ್ 27. ಬೆಳಿಗ್ಗೆ ಕಾರ್ಥೇಜ್ ಸೆರೆಮನೆಯಿಂದ ಅದನ್ನು ಬರೆದ. ಸಂಜೆಯ ಹೊತ್ತಿಗೆ ಗುಂಪೊಂದು ಸೆರೆಮನೆಗೆ ನುಗ್ಗಿ ಅವನನ್ನೂ ಅವನ ಅಣ್ಣ ಹೈರಮ್‌ನನ್ನೂ ಕೊಂದಿತು.

ಕಾಗದ, ಕೂಲಿ, ಟಪಾಲು

ಈ ಪತ್ರಗಳ ರೂಪವನ್ನು ನಿರ್ಧರಿಸಿದ್ದು ಅಂಚೆಯ ದರ. 1845ರವರೆಗೆ ಅಮೆರಿಕದಲ್ಲಿ ಹಾಳೆಯ ಲೆಕ್ಕ ಮತ್ತು ದೂರದ ಲೆಕ್ಕ ಎರಡೂ ಸೇರಿ ಅಂಚೆವೆಚ್ಚವಾಗುತ್ತಿತ್ತು. 400 ಮೈಲಿಗಿಂತ ದೂರಕ್ಕೆ ಒಂದು ಹಾಳೆಗೆ 25 ಸೆಂಟ್. ಎರಡು ಹಾಳೆಯಾದರೆ ಅದರ ಎರಡರಷ್ಟು. ಕೂಲಿ ಮಾಡುವವನ ದಿನದ ಸಂಪಾದನೆಯಲ್ಲಿ ಇದು ದೊಡ್ಡ ಪಾಲು. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯ ಲೆಕ್ಕಕ್ಕೆ ಬರುತ್ತಿದ್ದುದರಿಂದ ಯಾರೂ ಲಕೋಟೆ ಬಳಸುತ್ತಿರಲಿಲ್ಲ. ದೊಡ್ಡ ಹಾಳೆಯೊಂದನ್ನು ನಡುವೆ ಮಡಿಸಿ ನಾಲ್ಕು ಪುಟ ಮಾಡಿ, ಮೂರರಲ್ಲಿ ಬರೆದು, ನಾಲ್ಕನೆಯದನ್ನು ವಿಳಾಸಕ್ಕೆ ಬಿಟ್ಟು, ಮತ್ತೆ ಮಡಿಸಿ ಅರಗಿನಿಂದ ಮುದ್ರೆ ಒತ್ತುತ್ತಿದ್ದರು. ಜಾಗ ಸಾಲದಿದ್ದರೆ ಅಂಚಿನಲ್ಲಿ, ಮಡಿಕೆಯ ಸಂದಿನಲ್ಲಿ, ಇನ್ನೂ ಸಾಲದಿದ್ದರೆ ಹಾಳೆಯನ್ನು ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಅಡ್ಡಲಾಗಿ ಬರೆಯುತ್ತಿದ್ದರು. ಹೆಚ್ಚಾಗಿ ಹಣ ಕೊಡಬೇಕಾದವರು ಪತ್ರ ಪಡೆಯುವವರು. ಗಂಡನ ಕಾಗದ ಅಂಚೆ ಕಚೇರಿಗೆ ಬಂದಿದೆಯೆಂದು ತಿಳಿದರೂ ಬಿಡಿಸಿಕೊಳ್ಳಲು ಕಾಸಿಲ್ಲದ ಬಡ ಹೆಂಗಸಿನ ಸಂಕಟ ಊಹಿಸಿಕೊಳ್ಳಬಹುದು. ಆದ್ದರಿಂದ ಆ ಕಡೆ ಹೋಗುವವರು ಯಾರೇ ಸಿಗಲಿ, ಅವರ ಕೈಯಲ್ಲಿ ಕಾಗದ ಕೊಟ್ಟು ಕಳಿಸುವುದೇ ವಾಡಿಕೆಯಾಗಿತ್ತು.

1845ರ ಕಾನೂನು ಹಾಳೆಯ ಲೆಕ್ಕವನ್ನು ತೆಗೆದು ತೂಕದ ಲೆಕ್ಕ ತಂದು, ದರವನ್ನು 300 ಮೈಲಿಯೊಳಗೆ 5 ಸೆಂಟಿಗೂ ಅದರಾಚೆಗೆ 10 ಸೆಂಟಿಗೂ ಇಳಿಸಿತು. 1847ರಲ್ಲಿ ಅಂಚೆಚೀಟಿ ಬಂತು. 1851ರಲ್ಲಿ ಮುಂಗಡ ಕೊಟ್ಟರೆ 3,000 ಮೈಲಿವರೆಗೆ 3 ಸೆಂಟ್ ಎಂದಾಯಿತು. ಪತ್ರಗಳು ಉದ್ದವಾದವು, ಲಕೋಟೆಗಳು ಬಂದವು, ಒಳಗೆ ಕೂದಲಿನ ಎಳೆ, ಮುಂದೆ ಭಾವಚಿತ್ರ ಇಡುವುದು ಸಾಧ್ಯವಾಯಿತು.

ಬರೆಯುವವರಲ್ಲಿ ಬಹಳ ಮಂದಿ ಹೆಚ್ಚು ಓದಿದವರಲ್ಲ. ಅಪೊಸ್ತಲನಾಗಿದ್ದು ಜೋಸೆಫ್ ನಂತರ ಚರ್ಚಿನ ನಾಯಕನಾದ ಬ್ರಿಗಮ್ ಯಂಗ್ ತಾನು ಶಾಲೆಗೆ ಹೋದದ್ದು ಹನ್ನೊಂದೇ ದಿನ ಎಂದು ಹೇಳಿಕೊಳ್ಳುತ್ತಿದ್ದ. ಸ್ವಂತ ಕೈಯಿಂದ ಆತ ಹೆಂಡತಿಗೆ ಬರೆದ ಪತ್ರಗಳಲ್ಲಿ ಪದಗಳು ಬಾಯಲ್ಲಿ ಉಚ್ಚರಿಸಿದಂತೆಯೇ ಹಾಳೆಯ ಮೇಲೆ ಬರುತ್ತವೆ. ವಿರಾಮಚಿಹ್ನೆಗಳ ಗೊಡವೆಯೇ ಇಲ್ಲ. ಮುಂದೆ ಗುಮಾಸ್ತರಿಗೆ ಹೇಳಿ ಬರೆಸಿದ ಸಾವಿರಾರು ಪತ್ರಗಳ ನಯ ಇವಕ್ಕಿಲ್ಲ, ಆದರೆ ಆತನ ದನಿ ಕೇಳಿಸುವುದು ಇವುಗಳಲ್ಲೇ. ಪತ್ರದ ಒಕ್ಕಣೆ ಮಾತ್ರ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮ ಹಳೆಯ ಕಾಗದಗಳ ‘ಉಭಯ ಕುಶಲೋಪರಿ’ಯ ಹಾಗೆ ಮೊದಲು ದೇವರ ದಯೆ, ಆರೋಗ್ಯ, ಆಮೇಲೆ ನಿಮ್ಮ ಪತ್ರ ಬಂತು ಅಥವಾ ಬರಲಿಲ್ಲ ಎಂಬ ಮಾತು, ಅದಾದ ಮೇಲೆ ನಿಜವಾದ ವಿಷಯ.

ಇಂಗ್ಲೆಂಡಿಗೆ ಹೋದವರು, ಮನೆಯಲ್ಲಿ ಉಳಿದವರು: 1839-41

ಮಾರ್ಮನ್ ಕುಟುಂಬ ಪತ್ರಗಳ ಶ್ರೇಷ್ಠ ಭಾಗ ಹುಟ್ಟಿದ್ದು ಚರ್ಚಿನ ಮುಖ್ಯ ನಾಯಕರಾದ ಹನ್ನೆರಡು ಅಪೊಸ್ತಲರಲ್ಲಿ ಹೆಚ್ಚಿನವರು ಬ್ರಿಟನ್ನಿಗೆ ಹೋದ ಈ ಎರಡು ವರ್ಷಗಳಲ್ಲಿ. ಮಿಸೂರಿಯಿಂದ ಓಡಿಬಂದವರು ಮಿಸಿಸಿಪ್ಪಿಯ ಎರಡೂ ದಡಗಳಲ್ಲಿ, ಇಲಿನಾಯ್ ಕಡೆಯ ನೌವೂ ಪಟ್ಟಣದಲ್ಲಿಯೂ ಅಯೋವಾ ಕಡೆಯ ಮಾಂಟ್ರೋಸ್‌ನಲ್ಲಿಯೂ ಆಗಷ್ಟೇ ಬೀಡುಬಿಟ್ಟಿದ್ದರು. ಜೌಗು ನೆಲ, ಮನೆಮನೆಯಲ್ಲೂ ಮಲೇರಿಯಾ. 1839ರ ಸೆಪ್ಟೆಂಬರ್ 14ರಂದು ಬ್ರಿಗಮ್ ಯಂಗ್ ಮಾಂಟ್ರೋಸ್ ಬಿಟ್ಟಾಗ ಅವನಿಗೆ ನಡೆಯಲೂ ತ್ರಾಣವಿರಲಿಲ್ಲ. ಹೆಂಡತಿ ಮೇರಿ ಆನ್ ಹತ್ತು ದಿನದ ಬಾಣಂತಿ. ಆತ ಇನ್ನೊಬ್ಬ ಅಪೊಸ್ತಲ ಹೀಬರ್ ಕಿಂಬಲ್‌ನ ಮನೆಯವರೆಗೆ ಬಂದು ಅಲ್ಲಿಯೇ ಮಲಗಿಬಿಟ್ಟ. ಸೆಪ್ಟೆಂಬರ್ 18ರಂದು ಇಬ್ಬರನ್ನೂ ಗಾಡಿಗೆ ಹತ್ತಿಸಲಾಯಿತು. ಹೀಬರ್‌ನ ಹೆಂಡತಿ ವೈಲೇಟ್ ಜ್ವರದಿಂದ ನಡುಗುತ್ತ ಹಾಸಿಗೆಯಲ್ಲಿದ್ದಳು, ಪಕ್ಕದಲ್ಲಿ ತಿಂಗಳು ತುಂಬದ ಕೂಸು. ಗಾಡಿ ಸ್ವಲ್ಪ ದೂರ ಹೋದ ಮೇಲೆ, ಹೀಗೆ ಬಿಟ್ಟುಹೋಗುವುದು ತಡೆಯಲಾರದೆ ಹೀಬರ್ ಗಾಡಿಯಲ್ಲಿ ಎದ್ದು ನಿಂತು ಬ್ರಿಗಮ್‌ನನ್ನೂ ಎಬ್ಬಿಸಿ, ಇಬ್ಬರೂ ಟೋಪಿ ಬೀಸಿ ಜಯಘೋಷ ಕೂಗಿದರು. ಹೆಂಗಸರು ಬಾಗಿಲಿಗೆ ಬಂದು ಉತ್ತರ ಕೊಟ್ಟರು. ಮಾರ್ಮನ್ ಪರಂಪರೆ ಈ ಪ್ರಸಂಗವನ್ನು ಬಹಳ ಹೆಮ್ಮೆಯಿಂದ ಹೇಳುತ್ತದೆ. ಗಾಡಿ ಮರೆಯಾದ ಮೇಲೆ ಏನಾಯಿತೆಂದು ತಿಳಿಯಲು ಹೆಂಗಸರ ಕಾಗದಗಳನ್ನೇ ಓದಬೇಕು.

1822ರಲ್ಲಿ ಮದುವೆಯಾದ ಹೀಬರ್ ಮತ್ತು ವೈಲೇಟ್ ದಂಪತಿಯ ಪತ್ರಗಳು ಈ ಇಡೀ ಸಾಹಿತ್ಯದಲ್ಲಿ ಅತ್ಯಂತ ಬೆಚ್ಚಗಿನವು. ಕುಂಬಾರಿಕೆಯಿಂದ ಬಂದ ಹೀಬರ್ ಭಾವನೆಯನ್ನು ಮುಚ್ಚಿಡುವವನಲ್ಲ. ಹೆಂಡತಿಯ ಮೇಲಿನ ಹಂಬಲವನ್ನು ನೇರವಾಗಿ ಬರೆಯುತ್ತಾನೆ. ವೈಲೇಟ್‌ಳದು ಸ್ಥಿರವಾದ ಕೈ. ಮಗುವಿನ ಬೆಳವಣಿಗೆ, ನೌವೂ ಪಟ್ಟಣದ ಸಾವುನೋವು, ಯಾರು ಹಿಟ್ಟು ಕೊಟ್ಟರು, ಯಾರು ಕೊಡಲಿಲ್ಲ, ಜೋಸೆಫ್ ಏನು ಬೋಧಿಸಿದ, ಎಲ್ಲವನ್ನೂ ಕ್ರಮವಾಗಿ ತಿಳಿಸುತ್ತಾಳೆ. ಚರ್ಚಿನ ಇತಿಹಾಸಕಾರರು ಆ ವರ್ಷಗಳ ನೌವೂ ಬಗ್ಗೆ ಬರೆಯುವಾಗ ಆಕೆಯನ್ನು ಮತ್ತೆ ಮತ್ತೆ ಆಶ್ರಯಿಸುವುದು ಸಹಜವೇ. ಆಕೆ ಬರೆದದ್ದು ಗಂಡನಿಗಾಗಿ. ಆದರೆ ಗಂಡ ಅಪೊಸ್ತಲನಾದ್ದರಿಂದ ಆಕೆಯ ಕಾಗದವೇ ಅವನಿಗೆ ಸುದ್ದಿಪತ್ರಿಕೆಯೂ ಆಗಿತ್ತು.

ವಿಲ್‌ಫರ್ಡ್ ವುಡ್ರಫ್ ಮತ್ತು ಫೀಬಿ ಕಾರ್ಟರ್ ದಂಪತಿಯ ಪತ್ರಗಳಲ್ಲಿ ಬೇರೆಯೇ ಧಾಟಿ. ವಿಲ್‌ಫರ್ಡ್ 1839ರ ಆಗಸ್ಟಿನಲ್ಲಿ ಹೊರಟ. 1840ರ ಮಾರ್ಚಿನಲ್ಲಿ ಆತ ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ನೂರಾರು ಜನರಿಗೆ ದೀಕ್ಷಾಸ್ನಾನ ಮಾಡಿಸುವ ಯಶಸ್ಸಿನ ಹೊಸ್ತಿಲಲ್ಲಿದ್ದಾಗ ಫೀಬಿ ಮಾಂಟ್ರೋಸ್‌ನಲ್ಲಿ ಮಗನೊಬ್ಬನನ್ನು ಹೆತ್ತಳು. ಅದೇ ವರ್ಷದ ಜುಲೈ 17ರಂದು, ಎರಡು ವರ್ಷ ತುಂಬಿ ಮೂರೇ ದಿನವಾಗಿದ್ದ ಅವರ ಮಗಳು ಸೇರಾ ಎಮ್ಮಾ ತೀರಿಕೊಂಡಳು. ಮರುದಿನ ಫೀಬಿ ಗಂಡನಿಗೆ ಬರೆಯಲು ಕುಳಿತಳು. ಈ ಸುದ್ದಿ ಕೇಳಿ ನಿನಗೆ ಹೇಗಾದೀತು ಎಂಬ ಪ್ರಶ್ನೆಯಿಂದಲೇ ಆ ಪತ್ರ ಶುರುವಾಗುತ್ತದೆ. ತನ್ನ ದುಃಖಕ್ಕಿಂತ ಮೊದಲು ಅವನ ದುಃಖವನ್ನು ಯೋಚಿಸುವ ಆ ಕ್ರಮ ಓದುವವರ ಕರುಳು ಹಿಂಡುತ್ತದೆ. ಪತ್ರ ಅಟ್ಲಾಂಟಿಕ್ ದಾಟಿ ಲಂಡನ್ನಿನಲ್ಲಿ ವಿಲ್‌ಫರ್ಡ್‌ನ ಕೈಗೆ ಸಿಕ್ಕಿದ್ದು ಅಕ್ಟೋಬರ್‌ನಲ್ಲಿ. ನಡುವಿನ ಆ ಮೂರು ತಿಂಗಳು ತಂದೆಯ ಮಟ್ಟಿಗೆ ಮಗು ಬದುಕೇ ಇತ್ತು. ನಿಧಾನವಾದ ಟಪಾಲು ಒಂದು ಕುಟುಂಬವನ್ನು ಎರಡು ಬೇರೆ ಕಾಲಗಳಲ್ಲಿ ಬದುಕಿಸುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷ್ಯ ಬೇಡ. ಮುಂದೆ ಚರ್ಚಿನ ಅಧ್ಯಕ್ಷನಾದ ವಿಲ್‌ಫರ್ಡ್ 1833ರಿಂದ 1898ರವರೆಗೆ ಬರೆದ ದಿನಚರಿಗಳು ಪ್ರಸಿದ್ಧವಾಗಿವೆ. ಆ ದಿನಚರಿಗಳು ಮೈಲಿಗಳನ್ನು, ಸಭೆಗಳನ್ನು, ದೀಕ್ಷಾಸ್ನಾನಗಳನ್ನು ಎಣಿಸುತ್ತವೆ. ಫೀಬಿಯ ಪತ್ರಗಳು ಎಣಿಸುವುದು ಬೇರೆಯದನ್ನು.

1844ರಿಂದ 1848: ದಾರಿಯಲ್ಲಿ ಬಿದ್ದ ಮನೆಗಳು

ಜೋಸೆಫ್ ಸ್ಮಿತ್ ಕೊಲೆಯಾದಾಗ ಹೆಚ್ಚಿನ ಅಪೊಸ್ತಲರು ಅಮೆರಿಕದ ಅಧ್ಯಕ್ಷ ಪದವಿಗೆ ಅವನ ಉಮೇದುವಾರಿಕೆಯ ಪ್ರಚಾರಕ್ಕಾಗಿ ಪೂರ್ವದ ರಾಜ್ಯಗಳಲ್ಲಿದ್ದರು. 1844ರ ಜೂನ್ 30ರಂದು, ಊರೆಲ್ಲ ಶೋಕದಲ್ಲಿದ್ದಾಗ, ವೈಲೇಟ್ ಹೀಬರ್‌ಗೆ ಬರೆದಳು. ಇಂಥ ಸಂದರ್ಭದಲ್ಲಿ ಕಾಗದ ಬರೆಯಲು ಎಂದೂ ಕುಳಿತವಳಲ್ಲ ಎಂಬ ಅರ್ಥದ ಮಾತಿನೊಂದಿಗೆ ಆರಂಭವಾಗುವ ಆ ಪತ್ರ ಆ ವಾರದ ನೌವೂ ಪಟ್ಟಣದ ಮನಃಸ್ಥಿತಿಗೆ ಮುಖ್ಯ ಆಧಾರ. ಅಪೊಸ್ತಲರಿಗೆ ಸುದ್ದಿ ಮುಟ್ಟಿದ್ದು ಪತ್ರಿಕೆಗಳ ಮೂಲಕ; ಮನೆಯ ಕಾಗದಗಳು ಹಿಂದಿನಿಂದ ಬಂದವು.

1846ರ ಚಳಿಗಾಲದಲ್ಲಿ ಮಾರ್ಮನ್ನರು ನೌವೂ ಬಿಟ್ಟು ಪಶ್ಚಿಮಕ್ಕೆ ಹೊರಟರು. ಬಸುರಿಯರು, ಮುದುಕರು, ಮನೆ ಮಾರಬೇಕಾದವರು ಹಿಂದೆ ಉಳಿದರು. ಅಯೋವಾದ ಕೆಸರಿನಲ್ಲಿ ಗಾಡಿ ಎಳೆಯುತ್ತಿದ್ದ ವಿಲಿಯಂ ಕ್ಲೇಟನ್‌ಗೆ, ನೌವೂ ಪಟ್ಟಣದಲ್ಲಿ ಉಳಿದಿದ್ದ ಹೆಂಡತಿ ಡಯಾಂಥಾ ಗಂಡುಮಗುವನ್ನು ಹೆತ್ತಿದ್ದಾಳೆಂಬ ಸುದ್ದಿ ಏಪ್ರಿಲ್ 15ರಂದು ಬೇರೊಬ್ಬರಿಗೆ ಬಂದ ಕಾಗದದಿಂದ ತಿಳಿಯಿತು. ಆ ಸಂತೋಷದಲ್ಲಿ ಅಂದೇ ಆತ ರಚಿಸಿದ ಗೀತೆ ಮಾರ್ಮನ್ನರ ಅತ್ಯಂತ ಪ್ರಿಯ ಸ್ತೋತ್ರವಾಗಿ ಉಳಿದಿದೆ. ಅದೇ ವರ್ಷದ ಜುಲೈನಲ್ಲಿ ಸುಮಾರು 500 ಗಂಡಸರು ಮೆಕ್ಸಿಕೋ ಯುದ್ಧಕ್ಕಾಗಿ ಅಮೆರಿಕದ ಸೇನೆ ಸೇರಿದರು. ‘ಮಾರ್ಮನ್ ಬಟಾಲಿಯನ್’ ಎಂದು ಹೆಸರಾದ ಈ ಪಡೆ ಸ್ಯಾನ್ ಡಿಯೇಗೋವರೆಗೆ ಸುಮಾರು 2,000 ಮೈಲಿ ನಡೆಯಿತು. ಅವರ ಹೆಂಡತಿ ಮಕ್ಕಳು ಮಿಸೂರಿ ನದಿಯ ದಡದ ಗುಡಿಸಲುಗಳಲ್ಲಿ ಚಳಿ ಕಳೆದರು. ಸಾಂಟಾ ಫೆವರೆಗೆ ಕಳುಹಿಸಿದ ಇಬ್ಬರು ದೂತರು ಸೈನಿಕರ ಸಂಬಳವನ್ನೂ ಕಾಗದಗಳನ್ನೂ ಹೊತ್ತು ನವೆಂಬರಿನಲ್ಲಿ ಹಿಂದಿರುಗಿದರು. 

1847ರಲ್ಲಿ ಮೊದಲ ತಂಡ ಸಾಲ್ಟ್ ಲೇಕ್ ಕಣಿವೆಯ ಕಡೆ ನಡೆದಾಗ ಬಯಲೇ ಅಂಚೆ ಕಚೇರಿಯಾಯಿತು. ಬಿಸಿಲಿಗೆ ಬೆಳ್ಳಗಾದ ಕಾಡೆಮ್ಮೆಯ ತಲೆಬುರುಡೆ, ಭುಜದ ಮೂಳೆಗಳ ಮೇಲೆ ತಾರೀಖು, ನಡೆದ ಮೈಲಿ, ಎಲ್ಲರೂ ಕ್ಷೇಮ ಎಂಬ ಮಾತು ಬರೆದು ದಾರಿಬದಿಯಲ್ಲಿಡುತ್ತಿದ್ದರು. ಹಿಂದೆ ಬರುತ್ತಿದ್ದ ತಂಡದಲ್ಲಿ ಅವರವರ ಮನೆಯವರೇ ಇರುತ್ತಿದ್ದರಲ್ಲ. ಅವರು ಅದನ್ನು ಹುಡುಕುತ್ತ ಬರುತ್ತಿದ್ದರು. ಪೂರ್ವಕ್ಕೆ ಹೋಗುವ ವ್ಯಾಪಾರಿ ಸಿಕ್ಕರೆ ಇಡೀ ಶಿಬಿರ ಗಾಡಿಚಕ್ರಕ್ಕೆ ಒರಗಿ ಕಾಗದ ಬರೆಯುತ್ತಿತ್ತು.

ಈ ಅವಧಿಯ ಅಗಲಿಕೆಗಳಲ್ಲಿ ಲೂಯಿಸಾ ಬಾರ್ನ್ಸ್ ಪ್ರಾಟ್ ಎಂಬಾಕೆಯದು ಮರೆಯಲಾಗದ್ದು. ಗಂಡ ಅಡಿಸನ್ ಹಿಂದೆ ತಿಮಿಂಗಿಲ ಬೇಟೆಯ ಹಡಗಿನಲ್ಲಿ ದುಡಿದವ. 1843ರಲ್ಲಿ ಅವನನ್ನು ಶಾಂತಸಾಗರದ ದ್ವೀಪಗಳಿಗೆ ಧರ್ಮಪ್ರಚಾರಕ್ಕೆ ಕಳಿಸಿದರು. ಆತ ಟುಬುವಾಯಿ ದ್ವೀಪದಲ್ಲಿ ನೆಲೆನಿಂತ. ಅಲ್ಲಿಂದ ಬರುವ ಕಾಗದ ಹಡಗುಗಳ ಕರುಣೆಯನ್ನೇ ಕಾಯಬೇಕು. ಲೂಯಿಸಾ ಹೊಲಿಗೆ ಮಾಡಿ, ಪಾಠ ಹೇಳಿ, ನಾಲ್ಕು ಹೆಣ್ಣುಮಕ್ಕಳನ್ನು ಸಾಕಿ, ನೌವೂ ಬಿಟ್ಟು, ಗಾಡಿ ಕಟ್ಟಿ ಬಯಲು ದಾಟಿದಳು. ಗಂಡನನ್ನು ಕಳಿಸಿದವರು ತನ್ನ ಗತಿಯೇನೆಂದು ಕೇಳಲಿಲ್ಲವೇಕೆ ಎಂಬ ಆಕೆಯ ಪ್ರಶ್ನೆ ಆತ್ಮವೃತ್ತಾಂತದಲ್ಲಿ ದಾಖಲಾಗಿದೆ. 1848ರ ಸೆಪ್ಟೆಂಬರಿನಲ್ಲಿ, ಐದು ವರ್ಷಗಳ ಮೇಲೆ, ಇಬ್ಬರೂ ಸಾಲ್ಟ್ ಲೇಕ್‌ನಲ್ಲಿ ಕೂಡಿದರು. ಕಿರಿಯ ಮಕ್ಕಳಿಗೆ ತಂದೆ ಅಪರಿಚಿತ. 1850ರಲ್ಲಿ ಲೂಯಿಸಾ ಮಕ್ಕಳೊಂದಿಗೆ ತಾನೇ ಟುಬುವಾಯಿಗೆ ಹೋದಳು.

ಹಿಂದೆ ಬಿಟ್ಟ ತವರು

ಮತಾಂತರವಾದವರಿಗೆ ತವರಿನೊಂದಿಗಿನ ಅಗಲಿಕೆ ದೂರದ್ದು ಮಾತ್ರವಲ್ಲ, ನಂಬಿಕೆಯದೂ ಹೌದು. ನ್ಯೂಯಾರ್ಕಿನಿಂದ ನೌವೂ ಪಟ್ಟಣಕ್ಕೆ ಬಂದ ಸ್ಯಾಲಿ ರ‍್ಯಾಂಡಲ್ 1843ರಲ್ಲಿ ಹದಿಹರೆಯದ ಮಗನನ್ನು ಕಳೆದುಕೊಂಡಳು. ಆಗ ಅಲ್ಲಿ ಜೋಸೆಫ್ ಸ್ಮಿತ್ ‘ಸತ್ತವರ ಪರವಾಗಿ ದೀಕ್ಷಾಸ್ನಾನ’ದ ವಿಧಿಯನ್ನು ಬೋಧಿಸಿದ್ದ. ಮಾರ್ಮನ್ನರಾಗದೆ ತೀರಿಕೊಂಡ ನೆಂಟರಿಗೂ ಇದರಿಂದ ಮುಕ್ತಿ ಸಾಧ್ಯವೆಂಬುದು ನಂಬಿಕೆ. ಸ್ಯಾಲಿ ತವರಿನವರಿಗೆ ಬರೆದು ಸತ್ತ ಬಂಧುಗಳೆಲ್ಲರ ಹೆಸರು ಕಳಿಸುವಂತೆ ಕೇಳುತ್ತಾಳೆ. ತನ್ನ ಹೊಸ ಮತವನ್ನು ಒಪ್ಪದ ಮನೆಯವರಿಂದಲೇ ಅವರ ಹಿರಿಯರ ಉದ್ಧಾರಕ್ಕಾಗಿ ಹೆಸರು ಬೇಡುವ ಈ ಪತ್ರಗಳಲ್ಲಿ ಪ್ರೀತಿಯೂ ಹಟವೂ ಒಟ್ಟಿಗೇ ಇವೆ.

ಬಹುಪತ್ನಿತ್ವವನ್ನು ಚರ್ಚು 1852ರ ಆಗಸ್ಟಿನಲ್ಲಿ ಬಹಿರಂಗವಾಗಿ ಘೋಷಿಸಿದ ಮೇಲೆ ತವರಿನ ಪತ್ರಗಳು ವಾದದ ಕಣವಾದವು. ಅಪೊಸ್ತಲ ಪಾರ್ಲಿ ಪ್ರಾಟ್‌ನ ಹೆಂಡತಿಯರಲ್ಲಿ ಒಬ್ಬಳಾದ ಬೆಲಿಂಡಾ ಮಾರ್ಡೆನ್ ಪ್ರಾಟ್ 1854ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿದ್ದ ಸೋದರಿಗೆ ಬಹುಪತ್ನಿತ್ವವನ್ನು ಸಮರ್ಥಿಸಿ ಬರೆದ ಪತ್ರ ಕರಪತ್ರವಾಗಿ ಅಚ್ಚಾಗಿ ಅಮೆರಿಕದಲ್ಲೂ ಹೊರಗೂ ಹರಡಿತು. ಕುಟುಂಬಪತ್ರವೆಂಬ ರೂಪ ಪ್ರಚಾರಕ್ಕೆ ಒದಗಿದ ಉದಾಹರಣೆ ಇದು. ಮ್ಯಾಂಚೆಸ್ಟರಿನಲ್ಲಿ 1840ರಲ್ಲಿ ಆರಂಭವಾದ ‘ಮಿಲೆನಿಯಲ್ ಸ್ಟಾರ್’ ಪತ್ರಿಕೆಯೂ ಅಮೆರಿಕಕ್ಕೆ ವಲಸೆ ಹೋದವರ ಕಾಗದಗಳನ್ನು ಅಚ್ಚುಹಾಕುತ್ತಿತ್ತು. ಅಚ್ಚಾದವು ಸಾಮಾನ್ಯವಾಗಿ ಉತ್ಸಾಹದವು. ಆದ್ದರಿಂದ ಮುದ್ರಿತ ಪತ್ರಗಳನ್ನು ಮಾತ್ರ ಓದಿದವರಿಗೆ ಆ ವಲಸೆಯ ಅರ್ಧ ಚಿತ್ರವಷ್ಟೇ ಸಿಗುತ್ತದೆ.

ಯೂಟಾ ಕಾಲ

ಯೂಟಾದ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆಯಾದ ಮೇಲೂ ಅಗಲಿಕೆ ಮುಗಿಯಲಿಲ್ಲ. 1850ರಲ್ಲಿ ಮಿಸೂರಿಯ ಇಂಡಿಪೆಂಡೆನ್ಸ್‌ನಿಂದ ಸಾಲ್ಟ್ ಲೇಕ್‌ಗೆ ತಿಂಗಳಿಗೊಮ್ಮೆ ಟಪಾಲು ತರುವ ಗುತ್ತಿಗೆ ಆರಂಭವಾಯಿತು. ಹಿಮ ಬಿದ್ದರೆ ಚೀಲಗಳು ತಿಂಗಳುಗಟ್ಟಲೆ ದಾರಿಯಲ್ಲೇ ಉಳಿಯುತ್ತಿದ್ದವು. 1860-61ರ ಪೋನಿ ಎಕ್ಸ್‌ಪ್ರೆಸ್, 1861ರ ಅಕ್ಟೋಬರಿನ ತಂತಿ, 1869ರ ಮೇ ತಿಂಗಳ ರೈಲು ಒಂದಾದ ಮೇಲೊಂದು ಬಂದು ಕಾಯುವಿಕೆಯನ್ನು ತಿಂಗಳಿಂದ ದಿನಗಳಿಗೆ ಇಳಿಸಿದವು.

ಹಲವು ಹೆಂಡಿರ ಮನೆಯಲ್ಲಿ ಪತ್ರವ್ಯವಹಾರ ಸೂಕ್ಷ್ಮವಾದ ಕೆಲಸ. ಪ್ರಚಾರಕ್ಕೆ ಹೋದ ಗಂಡ ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆದರೆ ಯಾರಿಗೂ ಅದು ತನ್ನದೆನಿಸದು. ಬೇರೆ ಬೇರೆ ಬರೆದರೆ ಯಾರಿಗೆ ಎಷ್ಟು ಪುಟ, ಯಾರಿಗೆ ಯಾವ ಸಂಬೋಧನೆ ಎಂಬ ಲೆಕ್ಕ. ಒಂದೇ ಮನೆಯ ಹೆಂಡಿರು ಹತ್ತಿರವೇ ಇರುತ್ತಿದ್ದರೆಂದೂ ಇಲ್ಲ. ಒಬ್ಬಳು ನಗರದಲ್ಲಿ, ಒಬ್ಬಳು ದೂರದ ಹೊಲದಲ್ಲಿ, ಮತ್ತೊಬ್ಬಳು ಇನ್ನೊಂದು ವಸಾಹತಿನಲ್ಲಿ; ಗಂಡ ಊರಲ್ಲಿದ್ದರೂ ಬಹುತೇಕ ಹೆಂಡಿರ ಮಟ್ಟಿಗೆ ದೂರವೇ. ದನ, ಬಿತ್ತನೆ, ಸಾಲ, ಮಕ್ಕಳ ಬೂಟು, ಎಲ್ಲವೂ ಕಾಗದದಲ್ಲಿ ತೀರ್ಮಾನವಾಗಬೇಕು. ಈ ಪತ್ರಗಳನ್ನು ಓದಿದವರಿಗೆ ಬಹುಪತ್ನಿತ್ವದ ಮನೆಗಳಲ್ಲಿ ಹೆಂಗಸರು ಎಷ್ಟರ ಮಟ್ಟಿಗೆ ತಾವೇ ಯಜಮಾನಿಯರಾಗಿ ಬದುಕು ನಡೆಸಿದರೆಂದು ತಿಳಿಯುತ್ತದೆ. ಆ ಸ್ವಾತಂತ್ರ್ಯ ಅವರು ಬೇಡಿ ಪಡೆದದ್ದಲ್ಲ.

ಒಡಹುಟ್ಟಿದವರ ಪತ್ರಗಳಲ್ಲಿ ಜೋಸೆಫ್ ಎಫ್. ಸ್ಮಿತ್ ಮತ್ತು ಅವನ ತಂಗಿ ಮಾರ್ಥಾ ಆನ್‌ರವು ದೀರ್ಘ ಕಾಲದವು. ಕಾರ್ಥೇಜ್‌ನಲ್ಲಿ ಕೊಲೆಯಾದ ಹೈರಮ್‌ನ ಮಕ್ಕಳು ಇವರು. 1852ರಲ್ಲಿ ತಾಯಿ ಮೇರಿ ಫೀಲ್ಡಿಂಗ್ ಕೂಡ ತೀರಿಕೊಂಡಾಗ ಅವನಿಗೆ ಹದಿಮೂರು, ಆಕೆಗೆ ಹನ್ನೊಂದು. 1854ರಲ್ಲಿ, ಹದಿನೈದು ವರ್ಷದ ಹುಡುಗನನ್ನು ಹವಾಯಿ ದ್ವೀಪಗಳಿಗೆ ಪ್ರಚಾರಕ್ಕೆ ಕಳಿಸಿದರು. ಅಲ್ಲಿಂದ ಆತ ತಂಗಿಗೆ ಬರೆದ ಕಾಗದಗಳಲ್ಲಿ ಅಣ್ಣನ ಪ್ರೀತಿ, ತಂದೆಯಿಲ್ಲದ ಮನೆಗೆ ತಂದೆಯಾಗಲು ಹೊರಟ ಹುಡುಗನ ಉಪದೇಶ, ತನ್ನದೇ ಒಂಟಿತನ ಹೆಣೆದುಕೊಂಡಿವೆ. ಮಾರ್ಥಾ ಆನ್ 1857ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ಮದುವೆಯಾದಳು. ಮುಂದೆ ಪ್ರೋವೋ ಊರಿನಲ್ಲಿ ದೊಡ್ಡ ಸಂಸಾರವನ್ನು ಕಷ್ಟದಲ್ಲಿ ಸಾಗಿಸಿದಳು. ಅಣ್ಣ 1901ರಲ್ಲಿ ಚರ್ಚಿನ ಅಧ್ಯಕ್ಷನಾದ. ಸ್ಥಾನಮಾನದಲ್ಲಿ ಇಷ್ಟು ಅಂತರ ಬೆಳೆದರೂ ಪತ್ರಗಳು 1916ರವರೆಗೆ ನಿಲ್ಲಲಿಲ್ಲ. ಅನಾಥರಾಗಿ ಒಂದೇ ಒಲೆಯ ಮುಂದೆ ಕುಳಿತಿದ್ದವರ ಆ ಸಲಿಗೆ ಕೊನೆಯವರೆಗೂ ಮಾಸುವುದಿಲ್ಲ.

ಭಾರತಕ್ಕೂ ಈ ಪತ್ರಲೋಕದ ಒಂದು ಎಳೆ ಚಾಚಿತ್ತು. 1853ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ‘ಮಾನ್ಸೂನ್’ ಎಂಬ ಹಡಗು ಏಪ್ರಿಲ್ ಕೊನೆಯಲ್ಲಿ ಹದಿಮೂರು ಮಾರ್ಮನ್ ಪ್ರಚಾರಕರನ್ನು ಕಲ್ಕತ್ತೆಯಲ್ಲಿ ಇಳಿಸಿತು. ಒಂಬತ್ತು ಮಂದಿ ಭಾರತಕ್ಕೆ, ನಾಲ್ವರು ಸಯಾಮಿಗೆ ನೇಮಕವಾದವರು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್, ರಾಬರ್ಟ್ ಸ್ಕೆಲ್ಟನ್ ಮದರಾಸಿನಲ್ಲಿ ಪ್ರಚಾರ ಮಾಡಿದರು. ಸಯಾಮಿಗೆ ಹೊರಟ ಲೆವೈ ಸ್ಯಾವೇಜ್ ಅಲ್ಲಿಗೆ ತಲುಪಲಾಗದೆ ಬರ್ಮಾದಲ್ಲಿ ಉಳಿದ. ಹೆಂಡತಿ ತೀರಿಕೊಂಡಿದ್ದರಿಂದ ಪುಟ್ಟ ಮಗನನ್ನು ತನ್ನ ಸೋದರಿಯ ಮಡಿಲಿಗೆ ಹಾಕಿ ಬಂದಿದ್ದ. ಯೂಟಾದ ಬೆಟ್ಟಗಳಿಂದ ಬಂಗಾಳ ಕೊಲ್ಲಿಯವರೆಗೆ ಒಂದು ಕಾಗದ ಬಂದು ಉತ್ತರ ಹಿಂದಿರುಗುವುದೆಂದರೆ ಹೆಚ್ಚುಕಡಿಮೆ ವರ್ಷದ ಮಾತು.

1870ರ ದಶಕದಲ್ಲಿ ದಿಕ್ಕು ಬದಲಾದ ಅಗಲಿಕೆಯೂ ಕಾಣುತ್ತದೆ: ಹೊರಟವಳು ಹೆಂಡತಿ. ಎಲಿಸ್ ರೆನಾಲ್ಡ್ಸ್ ಶಿಪ್ 1875ರಲ್ಲಿ ಚಿಕ್ಕ ಮಕ್ಕಳನ್ನು ಸವತಿಯರ ಆರೈಕೆಯಲ್ಲಿ ಬಿಟ್ಟು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿ, 1878ರಲ್ಲಿ ವೈದ್ಯೆಯಾದಳು. ಓದಿನ ಖರ್ಚಿಗೆ ಸವತಿಯರೂ ಹಣ ಹೊಂದಿಸಿ ಕಳಿಸಿದರು. ಮನೆಯಿಂದ ಬರುವ ಕಾಗದಕ್ಕಾಗಿ ಆಕೆ ಹೇಗೆ ಕಾದಳೆಂಬುದು ಅವಳ ದಿನಚರಿಯಿಂದ ತಿಳಿಯುತ್ತದೆ.

ಸುಡಬೇಕಿದ್ದ ಕಾಗದಗಳು

ಬಹುಪತ್ನಿತ್ವ ಗುಟ್ಟಾಗಿದ್ದ ನೌವೂ ದಿನಗಳಿಂದಲೇ ಪತ್ರಗಳಲ್ಲಿ ಭಯ ಕಾಣಿಸಿಕೊಂಡಿತ್ತು. 1842ರ ಆಗಸ್ಟ್ 18ರಂದು ತಲೆಮರೆಸಿಕೊಂಡಿದ್ದ ಜೋಸೆಫ್ ಸ್ಮಿತ್ ವಿಟ್ನಿ ದಂಪತಿಗೆ ಬರೆದ ಪತ್ರದಲ್ಲಿ, ಓದಿದ ಕೂಡಲೇ ಸುಡಬೇಕೆಂದು ಹೇಳಿದ್ದಾನೆ. ಅವರ ಮಗಳು ಸೇರಾ ಆನ್‌ಳನ್ನು ಆತ ಹಿಂದಿನ ತಿಂಗಳು ಗುಟ್ಟಾಗಿ ವರಿಸಿದ್ದ. ಪತ್ರವನ್ನು ಅವರು ಸುಡಲಿಲ್ಲ. ಅದು ಇಂದಿಗೂ ಇದೆ.

1882ರ ಎಡ್ಮಂಡ್ಸ್ ಕಾಯಿದೆ ಒಬ್ಬಳಿಗಿಂತ ಹೆಚ್ಚು ಹೆಂಡಿರೊಂದಿಗೆ ಬಾಳುವುದನ್ನೇ ಅಪರಾಧವನ್ನಾಗಿಸಿ, ಆರು ತಿಂಗಳವರೆಗೆ ಸೆರೆಯನ್ನೂ 300 ಡಾಲರ್‌ವರೆಗೆ ದಂಡವನ್ನೂ ವಿಧಿಸಿತು. ಮೊಕದ್ದಮೆಯಲ್ಲಿ ಹೆಂಡತಿಯ ಸಾಕ್ಷ್ಯ, ಮಗುವಿನ ಮುಖ, ಒಂದು ಲಕೋಟೆ, ಏನು ಬೇಕಾದರೂ ಪುರಾವೆಯಾಗಬಹುದು. ಸಾವಿರಕ್ಕೂ ಹೆಚ್ಚು ಗಂಡಸರು ಸೆರೆ ಕಂಡರು. ಇನ್ನೆಷ್ಟೋ ಮಂದಿ ಭೂಗತರಾದರು. ಹೆಂಡಿರೂ ಹೆಸರು ಬದಲಿಸಿಕೊಂಡು ಊರೂರು ಅಲೆದರು. ಈ ವರ್ಷಗಳ ಪತ್ರಗಳಲ್ಲಿ ಊರಿನ ಹೆಸರಿಲ್ಲ, ಸಹಿ ಸುಳ್ಳು, ಗಂಡನನ್ನು ಚಿಕ್ಕಪ್ಪನೆಂದೋ ಗೆಳೆಯನೆಂದೋ ಕರೆಯುವುದುಂಟು. ಸೆರೆಯಿಂದ ಬರೆದವುಗಳಲ್ಲಿ, ಎಡ್ಮಂಡ್ಸ್ ಕಾಯಿದೆಯಡಿ 1884ರಲ್ಲಿ ಮೊದಲು ಶಿಕ್ಷೆಗೊಳಗಾದ ರಡ್ಜರ್ ಕ್ಲಾಸನ್ ಎರಡನೆಯ ಹೆಂಡತಿ ಲಿಡಿಯಾಳಿಗೆ ಬರೆದ ಪತ್ರಗಳು ಮುಖ್ಯವಾದವು. ಆತ ಸೆರೆಯಲ್ಲಿದ್ದಾಗ ಮೊದಲ ಹೆಂಡತಿ ವಿಚ್ಛೇದನ ಪಡೆದಳು.

ಭೂಗತ ಕಾಲದ ಪತ್ರಗಳಲ್ಲಿ ಮಾರ್ಥಾ ಹ್ಯೂಸ್ ಕ್ಯಾನನ್‌ಳವು ಮೇಲೆ ನಿಲ್ಲುತ್ತವೆ. 1857ರಲ್ಲಿ ವೇಲ್ಸಿನಲ್ಲಿ ಹುಟ್ಟಿ, 1880ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದ ಈಕೆ 1884ರಲ್ಲಿ ಚರ್ಚಿನ ಮುಖಂಡ ಆಂಗಸ್ ಕ್ಯಾನನ್‌ನ ನಾಲ್ಕನೆಯ ಹೆಂಡತಿಯಾದಳು. ಆಕೆಗೆ ಎರಡು ಭಯ. ತನ್ನ ಮಗುವೇ ಗಂಡನ ವಿರುದ್ಧ ಪುರಾವೆಯಾಗುವುದು ಒಂದು. ತಾನು ಹೆರಿಗೆ ಮಾಡಿಸಿದ ಇತರ ಹೆಂಗಸರ ವಿರುದ್ಧ ಸಾಕ್ಷಿ ಹೇಳಬೇಕಾಗುವುದು ಇನ್ನೊಂದು. 1886ರಲ್ಲಿ ಎಳೆಗೂಸು ಎಲಿಜಬೆತ್‌ಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದಳು. ಅಲ್ಲಿಂದ ಬರೆದ ಪತ್ರಗಳಲ್ಲಿ ಭಕ್ತಿ, ಪ್ರೀತಿ, ಹಣದ ಚಿಂತೆ, ಮಗುವಿನ ಕಾಯಿಲೆ, ಇತರ ಹೆಂಡಿರ ಬಗೆಗಿನ ಅಸೂಯೆ, ಒಮ್ಮೊಮ್ಮೆ ಕಟುವಾದ ಹಾಸ್ಯ ಎಲ್ಲವೂ ಇವೆ. ನಂಬಿಕೆಯನ್ನು ಬಿಡದೆಯೇ ಆ ನಂಬಿಕೆ ತನ್ನಿಂದ ಏನನ್ನು ಕಿತ್ತುಕೊಂಡಿದೆಯೆಂದು ಆಕೆ ಮರೆಮಾಚದೆ ಬರೆಯುತ್ತಾಳೆ. ಸಂಕೇತದ ಹೆಸರುಗಳ ಹಿಂದೆ ಅಡಗಿ ಬರೆದ ಹೆಂಗಸಿನಲ್ಲಿ ಇಷ್ಟು ಬಿಚ್ಚುಮನಸ್ಸು ಇರುವುದು ಈ ಪತ್ರಗಳ ದೊಡ್ಡ ಗುಣ. 1896ರ ನವೆಂಬರಿನಲ್ಲಿ ಆಕೆ ಯೂಟಾ ಸೆನೆಟ್‌ಗೆ ಆರಿಸಿ ಬಂದು ಅಮೆರಿಕದ ಮೊದಲ ರಾಜ್ಯ ಸೆನೆಟ್ ಸದಸ್ಯೆಯಾದಳು. ಆ ಚುನಾವಣೆಯಲ್ಲಿ ಸೋತ ಉಮೇದುವಾರರಲ್ಲಿ ಗಂಡ ಆಂಗಸ್ ಕೂಡ ಒಬ್ಬ. ಹೊಸ ಬಹುಪತ್ನಿ ವಿವಾಹಗಳನ್ನು ಕೈಬಿಡುವ ಪ್ರಕಟಣೆಯನ್ನು ಚರ್ಚು 1890ರ ಸೆಪ್ಟೆಂಬರಿನಲ್ಲಿ ಹೊರಡಿಸಿತ್ತು. ಹೊರಡಿಸಿದಾತ ಫೀಬಿಯ ಗಂಡ ವಿಲ್‌ಫರ್ಡ್ ವುಡ್ರಫ್.

ಉಳಿದದ್ದು, ಪ್ರಕಟವಾದದ್ದು

ಯಾರ ಪತ್ರ ಉಳಿಯಿತು ಎಂಬುದು ಆಕಸ್ಮಿಕವಲ್ಲ. ಹೆಸರಾಂತ ಗಂಡಸರ ಕಾಗದಗಳನ್ನು ಮನೆಯವರು ಜೋಪಾನ ಮಾಡಿದರು. ಅಲೆಯುವ ಪ್ರಚಾರಕನ ಚೀಲದಲ್ಲಿದ್ದ ಹೆಂಡತಿಯ ಕಾಗದಗಳು ಮಳೆಗೆ, ಹಡಗಿಗೆ, ಮರೆವಿಗೆ ಹೋದವು. ಹೀಗಾಗಿ ಎಷ್ಟೋ ಜೋಡಿಗಳಲ್ಲಿ ಉತ್ತರ ಮಾತ್ರ ಇದೆ, ಪ್ರಶ್ನೆ ಇಲ್ಲ. ತಲುಪದೆಯೇ ಹೋದ ಕಾಗದಗಳೂ ಉಂಟು. ಹದಿಹರೆಯದ ಎಮ್ಮೆಲಿನ್ (ಮುಂದೆ ಸ್ತ್ರೀ ಮತದಾನದ ಹೋರಾಟಗಾರ್ತಿಯಾಗಿ ಪ್ರಸಿದ್ಧಳಾದ ಎಮ್ಮೆಲಿನ್ ವೆಲ್ಸ್) 1844ರಲ್ಲಿ ನೌವೂ ಪಟ್ಟಣದಲ್ಲಿ ಹಸುಗೂಸನ್ನು ಕಳೆದುಕೊಂಡಳು; ಕೆಲಸ ಹುಡುಕಿ ಹೋದ ಗಂಡ ಜೇಮ್ಸ್ ಹ್ಯಾರಿಸ್ ಹಿಂದಿರುಗಲೇ ಇಲ್ಲ. ಆತ ತನಗೆ ಬರೆದಿದ್ದ ಪತ್ರಗಳು ಅತ್ತೆಯ ಬಳಿಯೇ ಉಳಿದಿದ್ದವೆಂದು ಆಕೆಗೆ ತಿಳಿದದ್ದು ದಶಕಗಳ ನಂತರ.

ಪ್ರಕಟಣೆಯ ಕೆಲಸವನ್ನು ಮೊದಲು ಕೈಗೆತ್ತಿಕೊಂಡವರಲ್ಲಿ ಹೀಬರ್ ಮತ್ತು ವೈಲೇಟ್‌ರ ಮಗಳು ಹೆಲನ್ ಮಾರ್ ವಿಟ್ನಿ ಒಬ್ಬಳು. 1880ರ ದಶಕದಲ್ಲಿ ‘ವುಮನ್ಸ್ ಎಕ್ಸ್‌ಪೊನೆಂಟ್’ ಪತ್ರಿಕೆಯಲ್ಲಿ ಬರೆದ ನೆನಪುಗಳಲ್ಲಿ ತಂದೆತಾಯಿಯ ಪತ್ರಗಳನ್ನು ಧಾರಾಳವಾಗಿ ಸೇರಿಸಿದಳು. ಇಪ್ಪತ್ತನೆಯ ಶತಮಾನದಲ್ಲಿ ಡೀನ್ ಜೆಸ್ಸಿ ಬ್ರಿಗಮ್ ಯಂಗ್ ತನ್ನ ಗಂಡುಮಕ್ಕಳಿಗೆ ಬರೆದ ಪತ್ರಗಳನ್ನು (1974) ಹಾಗೂ ಜೋಸೆಫ್ ಸ್ಮಿತ್‌ನ ಸ್ವಂತ ಬರಹಗಳನ್ನು (1984) ಮೂಲದ ಕಾಗುಣಿತ ತಿದ್ದದೆ ಅಚ್ಚಿಗೆ ತಂದ. ಮಾರ್ಥಾ ಕ್ಯಾನನ್ ಪತ್ರಗಳು 1989ರಲ್ಲಿಯೂ, ಕ್ಲಾಸನ್ ಪತ್ರಗಳು 1993ರಲ್ಲಿಯೂ, ಜೋಸೆಫ್ ಎಫ್. ಮತ್ತು ಮಾರ್ಥಾ ಆನ್‌ರ ಪತ್ರಗಳು 2018ರಲ್ಲಿಯೂ ಪುಸ್ತಕಗಳಾಗಿ ಬಂದವು. ಇತಿಹಾಸಕಾರ್ತಿ ಲಾರೆಲ್ ಥ್ಯಾಚರ್ ಉಲ್ರಿಚ್ 2017ರಲ್ಲಿ ಪ್ರಕಟಿಸಿದ ‘ಎ ಹೌಸ್ ಫುಲ್ ಆಫ್ ಫೀಮೇಲ್ಸ್’ ಎಂಬ ಗ್ರಂಥ ಇಂಥ ಪತ್ರ, ದಿನಚರಿಗಳನ್ನೇ ಆಧರಿಸಿ ಆರಂಭದ ಮಾರ್ಮನ್ ಬದುಕನ್ನು ಹೆಂಗಸರ ಕಡೆಯಿಂದ ಬರೆಯಿತು. ಫೀಬಿ ವುಡ್ರಫ್ ಅದರ ಪ್ರಮುಖ ಪಾತ್ರಗಳಲ್ಲಿ ಒಬ್ಬಳು. ಮೂಲಪತ್ರಗಳಲ್ಲಿ ಹೆಚ್ಚಿನವು ಸಾಲ್ಟ್ ಲೇಕ್ ಸಿಟಿಯ ಚರ್ಚ್ ಹಿಸ್ಟರಿ ಲೈಬ್ರರಿಯಲ್ಲಿಯೂ ಪ್ರೋವೋದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿಯೂ ಇವೆ. ಜೋಸೆಫ್ ಸ್ಮಿತ್ ಮತ್ತು ವಿಲ್‌ಫರ್ಡ್ ವುಡ್ರಫ್ ಕಾಗದಪತ್ರಗಳ ಯೋಜನೆಗಳು ಹಸ್ತಪ್ರತಿಯ ಚಿತ್ರವನ್ನೂ ಅದರ ನಕಲನ್ನೂ ಜೊತೆಜೊತೆಯಾಗಿ ಅಂತರಜಾಲದಲ್ಲಿ ಒದಗಿಸಿರುವುದರಿಂದ, ಅಂಚಿನಲ್ಲಿ ತುರುಕಿದ ಸಾಲುಗಳನ್ನು ಕೂಡ ಈಗ ಯಾರು ಬೇಕಾದರೂ ಮೂಲದಲ್ಲೇ ಓದಬಹುದಾಗಿದೆ.